ಹಮೀದುರ್ ರಹಮಾನ್

ಸಿಪಾಯಿ ಹಮೀದುರ್ ರಹಮಾನ್ (1953 – 28 ಅಕ್ಟೋಬರ್ 1971) ಬಾಂಗ್ಲಾದೇಶ ವಿಮೋಚನಾ ಯುದ್ಧದಲ್ಲಿ ಹುತಾತ್ಮನಾದ ಯೋಧ. ಆ ದೇಶದ ಅತ್ಯುನ್ನತ ಶೌರ್ಯ ಪ್ರಶಸ್ತಿಯಾದ 'ಬೀರ್ ಶ್ರೇಷ್ಠ'ವನ್ನು ಮರಣೋತ್ತರವಾಗಿ ಪಡೆದ ಏಳು ಮಂದಿಯಲ್ಲಿ ಈತನೇ ಅತಿ ಕಿರಿಯ. ಈತನ ಪಾರ್ಥಿವ ಶರೀರವು 36 ವರ್ಷಗಳ ಕಾಲ ಭಾರತದ ತ್ರಿಪುರಾ ರಾಜ್ಯದ ಮಣ್ಣಿನಲ್ಲಿತ್ತು.

ಆರಂಭಿಕ ಜೀವನ

ಹಮೀದುರನ ಮನೆತನದ ಮೂಲ ಇಂದಿನ ಪಶ್ಚಿಮ ಬಂಗಾಳದ ನಾದಿಯಾ ಜಿಲ್ಲೆ. ದೇಶ ವಿಭಜನೆಯ ತರುವಾಯ ಕುಟುಂಬವು ಗಡಿ ದಾಟಿ, ಈಗಿನ ಝಿನೈದಹ ಜಿಲ್ಲೆಯ ಮಹೇಶ್‌ಪುರ ಉಪಜಿಲ್ಲೆಗೆ ಸೇರಿದ ಖೋರ್ದಾ ಖಾಲಿಶ್‌ಪುರ ಗ್ರಾಮದಲ್ಲಿ ನೆಲೆಸಿತು. ತಂದೆ ಅಕ್ಕಾಸ್ ಅಲಿ ಮಂಡಲ್. ಬಡತನದಲ್ಲಿ ಬೆಳೆದ ಹಮೀದುರ್ 1971ರ ಆರಂಭದಲ್ಲಿ ಸೇನೆಗೆ ಸೇರಿ, ಚಿತ್ತಗಾಂಗ್‌ನ ಈಸ್ಟ್ ಬೆಂಗಾಲ್ ರೆಜಿಮೆಂಟ್ ಕೇಂದ್ರದಲ್ಲಿ ತರಬೇತಿ ಪಡೆಯುತ್ತಿದ್ದನು. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆಯು ದಮನ ಕಾರ್ಯಾಚರಣೆಯನ್ನು ಆರಂಭಿಸಿದಾಗ ಕೇಂದ್ರವನ್ನು ತೊರೆದು ಊರಿಗೆ ಮರಳಿದನು. ಅಲ್ಲಿ ಹೆಚ್ಚು ಕಾಲ ನಿಲ್ಲದೆ ವಿಮೋಚನಾ ಹೋರಾಟಗಾರರನ್ನು ಸೇರಿಕೊಂಡನು.

ಧಲಾಯ್ ಕದನ

ಮೌಲ್ವಿಬಜಾರ್ ಪ್ರದೇಶದ ಚಹಾ ತೋಟಗಳ ನಡುವೆ, ತ್ರಿಪುರಾ ಗಡಿಗೆ ಹೊಂದಿಕೊಂಡಿದ್ದ ಧಲಾಯ್ ಠಾಣೆಯು ಪಾಕಿಸ್ತಾನಿ ಸೇನೆಯ ಭದ್ರ ನೆಲೆಯಾಗಿತ್ತು. 1971ರ ಅಕ್ಟೋಬರ್ 28ರಂದು ಒಂದನೇ ಈಸ್ಟ್ ಬೆಂಗಾಲ್ ರೆಜಿಮೆಂಟಿನ 'ಸಿ' ಕಂಪನಿಯು ಅದರ ಮೇಲೆ ದಾಳಿ ನಡೆಸಿತು. ಆದರೆ ಶತ್ರುವಿನ ಮೆಷಿನ್‌ಗನ್ ಗುಂಡಿನ ಮಳೆಗೆ ತುಕಡಿಯು ಮುಂದುವರಿಯಲಾಗಲಿಲ್ಲ. ಆ ಗನ್ನನ್ನು ನಿಷ್ಕ್ರಿಯಗೊಳಿಸುವ ಹೊಣೆ ಹಮೀದುರನಿಗೆ ಬಂದಿತು. ಆತನು ಗುಡ್ಡದ ಹಳ್ಳಗಳ ಮರೆಯಲ್ಲಿ ತೆವಳುತ್ತಾ ಸಾಗಿ ಗ್ರೆನೇಡ್‌ಗಳನ್ನು ಎಸೆದನು. ಗುಂಡೇಟು ತಗುಲಿದ ಬಳಿಕವೂ ಗನ್ ನೆಲೆಯೊಳಗೆ ನುಗ್ಗಿ ಇಬ್ಬರು ಸೈನಿಕರೊಡನೆ ಕೈಕೈ ಮಿಲಾಯಿಸಿದನು. ಮೆಷಿನ್‌ಗನ್ ಸ್ತಬ್ಧವಾಯಿತು. ಸಹಯೋಧರು ಅಲ್ಲಿಗೆ ತಲುಪುವಷ್ಟರಲ್ಲಿ ಹಮೀದುರ್ ಪ್ರಾಣ ಬಿಟ್ಟಿದ್ದನು. ಆಗ ಆತನಿಗೆ 18 ವರ್ಷ. ಭಾರತೀಯ ಸೇನೆಯ ತುಕಡಿಗಳೂ ಪಾಲ್ಗೊಂಡ ಈ ಹೋರಾಟವು ಹಲವು ದಿನ ಮುಂದುವರಿದು, ನವೆಂಬರ್ ಆರಂಭದಲ್ಲಿ ಧಲಾಯ್ ವಶವಾಯಿತು.

ಗಡಿಯಾಚೆಯ ಸಮಾಧಿ

ಯುದ್ಧ ನಡೆಯುತ್ತಿದ್ದ ನೆಲದಲ್ಲಿ ಅಂತ್ಯಸಂಸ್ಕಾರ ಸಾಧ್ಯವಿರಲಿಲ್ಲ. ಸಂಗಾತಿಗಳು ದೇಹವನ್ನು ಗಡಿಯಾಚೆ ಸಾಗಿಸಿ, ತ್ರಿಪುರಾದ ಹಾತಿಮೇರ್‌ಛಡಾ ಗ್ರಾಮದಲ್ಲಿ ದಫನ ಮಾಡಿದರು. ದೇಶವು ಸ್ವತಂತ್ರವಾಗಿ, 1973ರ ಡಿಸೆಂಬರ್ 15ರಂದು ಬೀರ್ ಶ್ರೇಷ್ಠ ಗೌರವ ಪ್ರಕಟವಾದ ಮೇಲೂ ಸಮಾಧಿಯು ನೆರೆರಾಷ್ಟ್ರದಲ್ಲಿಯೇ ಉಳಿಯಿತು.

2007ರಲ್ಲಿ ಬಾಂಗ್ಲಾದೇಶ ಸರ್ಕಾರವು ಅವಶೇಷಗಳನ್ನು ತರಲು ನಿರ್ಧರಿಸಿತು. ಡಿಸೆಂಬರ್ 10ರಂದು ಅವು ಗಡಿ ದಾಟಿ ಸ್ವದೇಶ ತಲುಪಿದವು. ಮರುದಿನ ಢಾಕಾದ ಮೀರ್‌ಪುರದಲ್ಲಿರುವ ಹುತಾತ್ಮ ಬುದ್ಧಿಜೀವಿಗಳ ಸ್ಮಶಾನದಲ್ಲಿ ಸರ್ಕಾರಿ ಗೌರವದೊಂದಿಗೆ ಅವನ್ನು ಮರುಸಮಾಧಿ ಮಾಡಲಾಯಿತು. ಪಾಕಿಸ್ತಾನದಲ್ಲಿ ಸಮಾಧಿಯಾಗಿದ್ದ ಮತ್ತೊಬ್ಬ ಬೀರ್ ಶ್ರೇಷ್ಠ, ವಾಯುಪಡೆಯ ಮತಿಯುರ್ ರಹಮಾನ್ ಅವರ ಅವಶೇಷಗಳನ್ನು 2006ರಲ್ಲಿ ತಂದು ಇರಿಸಿದ್ದೂ ಇದೇ ಸ್ಮಶಾನದಲ್ಲಿ.

ಸ್ಮರಣೆ

ಹುಟ್ಟೂರಿನ ಕಾಲೇಜಿಗೂ ಝಿನೈದಹದ ಕ್ರೀಡಾಂಗಣಕ್ಕೂ ಹಮೀದುರನ ಹೆಸರಿಡಲಾಗಿದೆ. ಕದನ ನಡೆದ ಧಲಾಯ್‌ನಲ್ಲಿ ಸ್ಮಾರಕವಿದೆ.