ಸ್ವದೇಶಕ್ಕೆ ಮರಳಿದ ಹ್ಯೂಯೆನ್ ತ್ಸಾಂಗ್

ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ಪ್ರತಾಪವನ್ನೂ ಅವನ ಪ್ರಜೆಗಳ ಸ್ವಾಭಿಮಾನವನ್ನೂ ಬರೆದಿಟ್ಟ ಚೀನಾದೇಶದ ಯಾತ್ರಿಕ ಹ್ಯೂಯೆನ್ ತ್ಸಾಂಗರ ಹೆಸರನ್ನು ಅರಿಯದ ಕನ್ನಡಿಗರು ವಿರಳ. ಅವರು ಭರತಖಂಡಕ್ಕೆ ಬಂದ ಕಥೆಯನ್ನು ಎಲ್ಲರೂ ಹೇಳುವರು. ತಾಯ್ನಾಡಿಗೆ ಹಿಂದಿರುಗಿದ ಮೇಲೆ ಅಲ್ಲಿ ಅವರು ಕಳೆದ 19 ವರ್ಷಗಳ ಮಾತನ್ನು ಎತ್ತುವವರು ಕಡಿಮೆ. ಮರುಭೂಮಿಯನ್ನೂ ಹಿಮಪರ್ವತಗಳನ್ನೂ ದಾಟಿದುದಕ್ಕಿಂತ ಈ ಮನೆವಾಸವೇ ಆ ಮಹನೀಯರಿಗೆ ಕಠಿನವಾಯಿತೆಂದರೆ ತಪ್ಪಾಗದು.

ಮೂವತ್ತು ವರ್ಷ ತುಂಬುವ ಮುನ್ನವೇ, 629ರ ಸುಮಾರಿನಲ್ಲಿ, ರಾಜಾಜ್ಞೆಯಿಲ್ಲದೆ ಗುಟ್ಟಾಗಿ ಗಡಿ ದಾಟಿದವರು ಅವರು. ನಾಲಂದೆಯಲ್ಲಿ ವಯೋವೃದ್ಧರಾದ ಶೀಲಭದ್ರಾಚಾರ್ಯರ ಪಾದಮೂಲದಲ್ಲಿ ಕುಳಿತು ಯೋಗಾಚಾರ ಶಾಸ್ತ್ರವನ್ನು ಅಭ್ಯಸಿಸಿದರು, ದಕ್ಷಿಣಾಪಥವನ್ನು ಸುತ್ತಿದರು, ಹರ್ಷವರ್ಧನನ ಸಭೆಯಲ್ಲಿ ಮನ್ನಣೆ ಪಡೆದರು. ಹಿಂದಿರುಗುವಾಗ ಸಿಂಧೂನದಿಯಲ್ಲಿ ದೋಣಿಯು ಹೊಯ್ದಾಡಿ ಕೆಲವು ಗ್ರಂಥಗಳು ನೀರುಪಾಲಾದವು. ಖೋತಾನದಿಂದ ಚಕ್ರವರ್ತಿಗೆ ಕ್ಷಮಾಪಣೆಯ ಬಿನ್ನಹವನ್ನು ಕಳುಹಿಸಿ, ಅಪ್ಪಣೆ ಬಂದ ಮೇಲೆ, 645ರಲ್ಲಿ 20 ಕುದುರೆಗಳ ಮೇಲೆ 657 ಗ್ರಂಥಗಳನ್ನು ಹೇರಿಕೊಂಡು ರಾಜಧಾನಿಯಾದ ಚಾಂಗ್‌ಆನ್ ಪಟ್ಟಣವನ್ನು ಸೇರಿದರು. ಕಳ್ಳನಂತೆ ಹೊರಟವರನ್ನು ನೋಡಲು ಜನರು ಬೀದಿಬೀದಿಗಳಲ್ಲಿ ಕಿಕ್ಕಿರಿದರು.

ಥಾಂಗ್ ವಂಶದ ಚಕ್ರವರ್ತಿ ತಾಯ್‌ತ್ಸುಂಗನು ಆಗ ಲೋಯಾಂಗಿನಲ್ಲಿ ಕೊರಿಯಾದ ಮೇಲಿನ ದಂಡಯಾತ್ರೆಗೆ ಸಿದ್ಧನಾಗುತ್ತಿದ್ದನು. ಅವನು ಕೇಳಿದುದು ಪಶ್ಚಿಮ ದೇಶಗಳ ಹವೆ, ಬೆಳೆ, ಅರಸರು, ಆಚಾರಗಳ ಸಂಗತಿಯನ್ನು, ತತ್ತ್ವವನ್ನಲ್ಲ. ಉತ್ತರಗಳಿಗೆ ಮೆಚ್ಚಿ, ಕಾಷಾಯವನ್ನು ಬಿಟ್ಟು ಮಂತ್ರಿಯಾಗೆಂದು ಒತ್ತಾಯಿಸಿದನು. ದಂಡಿನೊಡನೆ ಬರಬೇಕೆಂದೂ ಕರೆದನು. ನೀರಿನ ದೋಣಿಯನ್ನು ದಡಕ್ಕೆಳೆದರೆ ಅದು ಕೊಳೆತುಹೋಗುವುದಲ್ಲದೆ ಉಪಯೋಗಕ್ಕೆ ಬಾರದೆಂಬ ಭಾವದಿಂದ ಅವರು ಮೊದಲನೆಯದನ್ನು ನಿರಾಕರಿಸಿದರು. ಭಿಕ್ಷುವು ಯುದ್ಧವನ್ನು ನೋಡಲಾಗದೆಂದು ಎರಡನೆಯದರಿಂದ ಪಾರಾದರು. ಶಾವೋಲಿನ್ ಅರಣ್ಯದ ಏಕಾಂತದಲ್ಲಿ ಭಾಷಾಂತರಕಾರ್ಯಕ್ಕೆ ಎಡೆಗೊಡಬೇಕೆಂದು ಬೇಡಿದರು. ದೊರೆತುದು ರಾಜಧಾನಿಯ ಹುಂಗ್‌ಫೂ ವಿಹಾರ. ಅಲ್ಲಿಯೂ, ಪಡುವಣದಿಂದ ಬಂದವನನ್ನು ನೋಡುವ ಕುತೂಹಲಿಗಳಿಂದ ವಿಹಾರವು ಸಂತೆಯಾಗಬಾರದೆಂದು ಬಾಗಿಲಿಗೆ ಕಾವಲನ್ನು ಕೇಳಿಕೊಳ್ಳಬೇಕಾಯಿತು. ಸನ್ಮಾನವು ಸಂನ್ಯಾಸಿಗೆ ಎಂತಹ ಬಂಧನ!

ಪುಲಕೇಶಿಯ ವೃತ್ತಾಂತವುಳ್ಳ ಯಾತ್ರಾಗ್ರಂಥವೂ ಅರಸನ ಅಪ್ಪಣೆಯಂತೆಯೇ 646ರಲ್ಲಿ ಸಿದ್ಧವಾಯಿತು. ಅವರ ಮನಸ್ಸಾದರೋ ಗುರುವಿನಿಂದ ಕಲಿತ ಯೋಗಾಚಾರಭೂಮಿಶಾಸ್ತ್ರದಲ್ಲಿ ನೆಟ್ಟಿದ್ದಿತು. ಅದರ 100 ಸಂಪುಟಗಳು 648ರಲ್ಲಿ ಮುಗಿದವು. ಹಗಲಿನಲ್ಲಿ ಅರಮನೆಯ ಕರೆಗಳಿಂದ ಕೆಟ್ಟ ಕೆಲಸವನ್ನು ಇರುಳಿನಲ್ಲಿ ತುಂಬಿಕೊಡುವರು. ಬೆಳಗಾಗುವ ಮುನ್ನವೇ ಎದ್ದು, ಆ ದಿನದ ಸಂಸ್ಕೃತಪಾಠಕ್ಕೆ ಕೆಂಪುಮಸಿಯಿಂದ ಗುರುತು ಹಾಕಿಕೊಳ್ಳುವರು. 647ರಲ್ಲಿ ಲಾವೋತ್ಸೆಯ ಗ್ರಂಥವನ್ನು ಸಂಸ್ಕೃತಕ್ಕೆ ತರುವ ರಾಜಾಜ್ಞೆಯಾದಾಗ, ತಾವೋ ಎಂಬ ಶಬ್ದಕ್ಕೆ ಬೋಧಿಯೆಂದು ಅರ್ಥ ಹೇಳಬೇಕೆಂದು ಆ ಮತದ ಪಂಡಿತರು ಹಠ ಹಿಡಿದರು. ಇವರು ಮಾರ್ಗವೆಂಬ ಪದದಿಂದ ಕದಲಲಿಲ್ಲ. ಎರಡು ನುಡಿಗಳ ನಡುವೆ ನಿಂತವನಿಗೆ ಎರಡರ ಋಣವೂ ಇರುವುದು. ಒಂದನ್ನು ಮೆಚ್ಚಿಸಲು ಇನ್ನೊಂದಕ್ಕೆ ವಂಚನೆ ಮಾಡಲು ಅವರು ಒಪ್ಪಲಿಲ್ಲ.

ಭರತಖಂಡವು ಅವರ ಮನಸ್ಸಿನಿಂದ ದೂರವಾಗಲಿಲ್ಲ. ಶೀಲಭದ್ರಾಚಾರ್ಯರು ದೇಹವಿಟ್ಟ ವಾರ್ತೆಯು ಅಲ್ಲಿಂದ ಮರಳಿದ ರಾಯಭಾರಿಯೊಬ್ಬನ ಮೂಲಕ ಮುಟ್ಟಿದ್ದಿತು. 652ರಲ್ಲಿ ಮಹಾಬೋಧಿ ವಿಹಾರದ ಭಿಕ್ಷುವೊಬ್ಬರು ಜ್ಞಾನಪ್ರಭ, ಪ್ರಜ್ಞಾದೇವರೆಂಬ ಹಳೆಯ ಪರಿಚಿತರ ಓಲೆಗಳನ್ನೂ ಬಿಳಿಯ ಬಟ್ಟೆಯ ಕಾಣಿಕೆಯನ್ನೂ ತಂದರು. 654ರಲ್ಲಿ ಇವರು ಬರೆದ ಉತ್ತರಗಳು ಉಳಿದಿವೆ. ಒಂದರಲ್ಲಿ ಗುರುವಿಗಾಗಿ ಅತ್ತಿದ್ದಾರೆ; ಇನ್ನೊಂದರಲ್ಲಿ, ಹೀನಯಾನವನ್ನು ಬಿಡದ ಪ್ರಜ್ಞಾದೇವರೊಡನೆ ಹಳೆಯ ವಾದವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದ್ದಾರೆ. ಸಿಂಧೂನದಿಯಲ್ಲಿ ಹೋದ ಗ್ರಂಥಗಳ ಪಟ್ಟಿಯನ್ನು ಬರೆದು, ಪ್ರತಿಗಳನ್ನು ಕಳುಹಿಸಬೇಕೆಂದು ಕೋರಿದ್ದಾರೆ. ಹತ್ತು ವರ್ಷ ಕಳೆದಿದ್ದರೂ ಆ ನಷ್ಟವು ಅವರ ಎದೆಯಲ್ಲಿ ಹಸಿಯಾಗಿಯೇ ಇದ್ದಿತು.

ಹುಟ್ಟಿದ ಊರನ್ನು ಅವರು ಕಂಡುದು ಇನ್ನೂ ತಡವಾಗಿ. 657ರಲ್ಲಿ ಹೊಸ ಚಕ್ರವರ್ತಿ ಕಾವೋತ್ಸುಂಗನೊಡನೆ ಲೋಯಾಂಗಿಗೆ ಹೋದಾಗ, ಹತ್ತಿರದ ಆ ಹಳ್ಳಿಗೆ ಹೋಗಲು ಅವಕಾಶವಾಯಿತು. ಬಂಧುಗಳು ಬಹುಮಟ್ಟಿಗೆ ಗತಿಸಿದ್ದರು. ಬೇರೆ ಊರಿಗೆ ಕೊಟ್ಟಿದ್ದ ಅಕ್ಕ ಒಬ್ಬರೇ ಉಳಿದಿದ್ದರು. ಅವರನ್ನು ಕರೆಸಿಕೊಂಡರು; ಅಕ್ಕತಮ್ಮಂದಿರು ಕಣ್ಣೀರಿಟ್ಟರು. ತಂದೆತಾಯಿಗಳ ಸಮಾಧಿ ಎಲ್ಲಿಯದೆಂದು ಅಕ್ಕನನ್ನೇ ಕೇಳಿ ತಿಳಿಯಬೇಕಾಯಿತು. ಯುದ್ಧಕಾಲದ ಅವಸರದಲ್ಲಿ ಹೂಳಿದ್ದ ಆ ಸಮಾಧಿಗಳು ಹಾಳುಬಿದ್ದಿದ್ದವು. ಸರ್ವಸಂಗಪರಿತ್ಯಾಗ ಮಾಡಿದ ಯತಿಯು ಆ ನೆಲದಲ್ಲಿ ಮಗನಾಗಿ ನಿಂತು, ಅರಸನ ಅನುಮತಿ ಪಡೆದು, ಹೆತ್ತವರ ಅಸ್ಥಿಗಳನ್ನು ಒಳ್ಳೆಯ ಸ್ಥಳಕ್ಕೆ ಸಾಗಿಸಿ ಸಂಸ್ಕಾರ ಮಾಡಿಸಿದರು. ಅದೇ ವರ್ಷ ಶಾವೋಲಿನ್ನಿಗೆ ಹೋಗಲು ಮತ್ತೆ ಬೇಡಿದರು. ಮತ್ತೆ ಅಪ್ಪಣೆ ಸಿಕ್ಕಲಿಲ್ಲ.

659ರಲ್ಲಿ ಮಾತ್ರ ರಾಜಧಾನಿಯನ್ನು ಬಿಟ್ಟು ಬೆಟ್ಟಗಳ ನಡುವಣ ಯೂಹ್ವಾ ಅರಮನೆಯಲ್ಲಿ ನೆಲೆಸಲು ಒಪ್ಪಿಗೆ ದೊರೆಯಿತು. ಅಲ್ಲಿ 660ರಿಂದ 663ರವರೆಗೆ ಮಹಾಪ್ರಜ್ಞಾಪಾರಮಿತೆಯ 600 ಸಂಪುಟಗಳನ್ನು ಒಂದಕ್ಷರವನ್ನೂ ಸಂಕ್ಷೇಪಿಸದೆ ಭಾಷಾಂತರಿಸಿದರು. 664ರ ವರ್ಷಾರಂಭದಲ್ಲಿ ಶಿಷ್ಯರು ಮಹಾರತ್ನಕೂಟವನ್ನು ತೊಡಗಬೇಕೆಂದು ಪ್ರಾರ್ಥಿಸಿದರು. ಕೆಲವು ಪಂಕ್ತಿಗಳನ್ನು ಮಾಡಿ, ಬಲ ಸಾಲದೆಂದು ಗ್ರಂಥವನ್ನು ಮುಚ್ಚಿದರು. ತಮ್ಮ ದೇಹವನ್ನು ಒರಟು ಚಾಪೆಯಲ್ಲಿ ಸುತ್ತಿ, ಅರಮನೆಗೆ ದೂರವಾದ ನಿರ್ಜನ ಸ್ಥಳದಲ್ಲಿ ಇಡಬೇಕೆಂದು ಹೇಳಿ ಕೆಲವು ದಿನಗಳಲ್ಲಿಯೇ ಕಣ್ಮುಚ್ಚಿದರು. ಶಿಷ್ಯರು ಚಾಪೆಯ ಮಾತನ್ನು ನಡೆಸಿಕೊಟ್ಟರು. ಆದರೆ ದೇಹವನ್ನು ರಾಜಧಾನಿಗೇ ತಂದು ಅದರ ಪೂರ್ವದಿಕ್ಕಿನ ಬಯಲಿನಲ್ಲಿ ಸಮಾಧಿ ಮಾಡಲಾಯಿತು. ಅರಮನೆಯಿಂದ ಅದನ್ನು ಕಂಡಾಗಲೆಲ್ಲ ಚಕ್ರವರ್ತಿಯು ದುಃಖಿಸುತ್ತಿದ್ದುದರಿಂದ 669ರಲ್ಲಿ ಅಸ್ಥಿಗಳನ್ನು ದಕ್ಷಿಣದ ಫಾನ್‌ಚ್ವಾನಿಗೆ ಸಾಗಿಸಿದರು.