ಸರ್ದಾರ್ ಪಣಿಕ್ಕರ್: ಇತಿಹಾಸಕಾರ, ರಾಯಭಾರಿ

ಕ್ರೈಸ್ತ ಮಿಷನರಿ ಕಾರ್ಯವನ್ನು ಕಟುವಾಗಿ ವಿಮರ್ಶಿಸಿದ ಭಾರತೀಯ ಇತಿಹಾಸಕಾರರಲ್ಲಿ ಸರ್ದಾರ್ ಕೆ. ಎಂ. ಪಣಿಕ್ಕರ್ ಪ್ರಮುಖರು. ಅಂಥವರ ಪರಿಚಯ ಈ ಪುಟದಲ್ಲೇಕೆಂದು ಓದುಗರು ಕೇಳಬಹುದು. ಅವರ ಬರಹ ನಮ್ಮ ಧರ್ಮಸಭೆಯನ್ನು ಮುಟ್ಟಿತು. ಅವರ ಸಹಿಯುಳ್ಳ ವರದಿಯೊಂದರಿಂದ ಮಂಗಳೂರು ಧರ್ಮಪ್ರಾಂತ್ಯದ ನೆಲ ಎರಡು ರಾಜ್ಯಗಳಲ್ಲಿ ಹಂಚಿಹೋಯಿತು.

ಕಾವಾಲಂ ಮಾಧವ ಪಣಿಕ್ಕರ್ ಜನಿಸಿದ್ದು 1895ರಲ್ಲಿ, ತಿರುವಾಂಕೂರು ಸಂಸ್ಥಾನದಲ್ಲಿ. ಆಕ್ಸ್‌ಫರ್ಡಿನಲ್ಲಿ ಇತಿಹಾಸವನ್ನು ಅಭ್ಯಸಿಸಿ, ಅಲಿಗಢದಲ್ಲಿ ಅಧ್ಯಾಪಕರಾಗಿ, ದೆಹಲಿಯಲ್ಲಿ ಪತ್ರಿಕಾ ಸಂಪಾದಕರಾಗಿ, ಬಳಿಕ ದೇಶೀಯ ಸಂಸ್ಥಾನಗಳ ಸೇವೆಗೆ ಬಂದರು. ಸ್ವಾತಂತ್ರ್ಯ ಸಮೀಪಿಸಿದಾಗ ಅವರು ಬಿಕಾನೇರಿನ ದಿವಾನರು. ಭೋಪಾಲದ ನವಾಬರಂತಹ ಅರಸರು ಹಿಂಜರಿಯುತ್ತಿದ್ದರೂ, 1947ರ ಏಪ್ರಿಲಿನಲ್ಲಿಯೇ ಸಂವಿಧಾನ ಸಭೆಯನ್ನು ಸೇರಿದ ಮೊದಲ ಸಂಸ್ಥಾನಗಳಲ್ಲಿ ಬಿಕಾನೇರ್ ಒಂದಾಯಿತು. ಅರಸೊತ್ತಿಗೆಯ ಕಾಲ ಮುಗಿಯಿತೆಂದರಿಯಲು ಇತಿಹಾಸದ ಓದು ಅವರಿಗೆ ನೆರವಾಗಿರಬೇಕು.

1948ರಲ್ಲಿ ಅವರು ಚೀನಾಕ್ಕೆ ರಾಯಭಾರಿಯಾಗಿ ತೆರಳಿದರು. ಚಿಯಾಂಗ್ ಕೈ-ಷೇಕರ ಸರಕಾರದ ಪತನವನ್ನು ಕಂಡ ಅವರೇ 1950ರಲ್ಲಿ ಪೀಕಿಂಗಿನ ಕಮ್ಯುನಿಸ್ಟ್ ಸರಕಾರಕ್ಕೂ ಭಾರತದ ರಾಯಭಾರಿಯಾದರು. ಆ ವರ್ಷದ ಅಕ್ಟೋಬರ್ ಆರಂಭದ ಒಂದು ನಡುರಾತ್ರಿ ಪ್ರಧಾನಿ ಚೌ ಎನ್-ಲೈ ಅವರನ್ನು ಕರೆಸಿಕೊಂಡರು. ಅಮೆರಿಕದ ಸೇನೆ ಕೊರಿಯಾದ 38ನೇ ಅಕ್ಷಾಂಶವನ್ನು ದಾಟಿದರೆ ಚೀನಾ ಯುದ್ಧಕ್ಕಿಳಿಯುವುದೆಂದು ತಿಳಿಸಿದರು. ಪಣಿಕ್ಕರ್ ಒಡನೆಯೇ ದೆಹಲಿಗೆ ವರದಿ ಮಾಡಿದರು. ಎಚ್ಚರಿಕೆ ವಾಷಿಂಗ್ಟನ್ನಿಗೂ ತಲುಪಿತು. ಆದರೆ ಅವರು ಚೀನಾದತ್ತ ಒಲವುಳ್ಳವರೆಂದು ಶಂಕಿಸಿದ ಅಮೆರಿಕನ್ನರು ಅದನ್ನು ನಂಬಲಿಲ್ಲ. ತಿಂಗಳು ಕಳೆಯುವುದರೊಳಗೆ ಚೀನೀ ಸೈನಿಕರು ಕೊರಿಯಾದಲ್ಲಿ ಕಾದಾಡುತ್ತಿದ್ದರು. ಟಿಬೆಟಿನ ವಿಷಯದಲ್ಲಿ ಪಣಿಕ್ಕರ್ ಚೀನಾವನ್ನು ಅತಿಯಾಗಿ ನಂಬಿದರೆಂಬ ಆಕ್ಷೇಪವಿದೆ. ಅದು ನಿರಾಧಾರವೂ ಅಲ್ಲ.

1953ರಲ್ಲಿ ಅವರ ‘ಏಷ್ಯಾ ಅಂಡ್ ವೆಸ್ಟರ್ನ್ ಡಾಮಿನೆನ್ಸ್’ ಎಂಬ ಗ್ರಂಥ ಹೊರಬಂದಿತು. ವಾಸ್ಕೋ ಡ ಗಾಮ ಬಂದ 1498ರಿಂದ 1945ರವರೆಗಿನ ಪಾಶ್ಚಾತ್ಯ ಪ್ರಾಬಲ್ಯದ ಚರಿತ್ರೆ ಅದು. ಮಿಷನರಿಗಳು ಆ ಪ್ರಾಬಲ್ಯದೊಡನೆ ಕೈಜೋಡಿಸಿದ್ದರಿಂದಲೇ ಏಷ್ಯಾದಲ್ಲಿ ವಿಫಲರಾದರೆಂಬುದು ಅವರ ವಾದ. ಅದರಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೂ ತೀರ್ಪು ಅಪೂರ್ಣ. ಜಗದ್ಗುರು ಹನ್ನೊಂದನೇ ಪಿಯುಸ್ 1926ರಲ್ಲಿಯೇ ಆರು ಮಂದಿ ಚೀನೀ ಗುರುಗಳಿಗೆ ರೋಮಿನಲ್ಲಿ ಬಿಷಪ್ ದೀಕ್ಷೆ ನೀಡಿದ್ದರು. ಪೂರ್ವಜರಿಗೆ ಗೌರವ ಸಲ್ಲಿಸಬಾರದೆಂದು ಚೀನೀ ಕ್ರೈಸ್ತರಿಗಿದ್ದ ನಿಷೇಧ 1939ರಲ್ಲಿ ಸಡಿಲಗೊಂಡಿತ್ತು. ಪಣಿಕ್ಕರರ ಹುಟ್ಟುನಾಡಿನಲ್ಲಂತೂ ಸಂತ ತೋಮಾಸರ ಕ್ರೈಸ್ತರು ಗಾಮನಿಗಿಂತ ಶತಮಾನಗಳ ಮೊದಲೇ ನೆಲೆಸಿದ್ದರು!

ಆ ವರ್ಷಾಂತ್ಯದಲ್ಲಿ ನೇಮಕಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು ಅವರೊಡನೆ ಪಣಿಕ್ಕರರೂ ಇದ್ದರು. 1955ರ ಅವರ ವರದಿ ಕನ್ನಡ ನಾಡಿನ ಏಕೀಕರಣವನ್ನು ಒಪ್ಪಿತು, ಕಾಸರಗೋಡನ್ನು ಕೇರಳಕ್ಕೆ ಕೊಟ್ಟಿತು. ಮಲಯಾಳಿ ಸದಸ್ಯರ ಮೇಲೆ ಕನ್ನಡಿಗರು ಕುಪಿತರಾದುದು ಸಹಜ. ಬೇಳ, ಮಂಜೇಶ್ವರಗಳ ಲತೀನ್ ವಿಧಿಯ ಚರ್ಚುಗಳು ಮಾತ್ರ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿವೆ.

ಪಣಿಕ್ಕರರ ಕೊನೆಯ ಕಾರ್ಯಕ್ಷೇತ್ರ ಕನ್ನಡ ನಾಡೇ ಆಯಿತು. ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದಾಗಲೇ, 1963ರ ಡಿಸೆಂಬರ್ 10ರಂದು ಅವರು ನಿಧನರಾದರು.