ನೀರ್ ಸಾಬ್: ಬರದ ಊರಿಗೆ ನೀರೂ ಕೊಟ್ಟರು, ಅಧಿಕಾರವನ್ನೂ ಕೊಟ್ಟರು

ಗುಂಡ್ಲುಪೇಟೆ: ನಮ್ಮ ತಾಲ್ಲೂಕಲ್ಲಿ ಹಿರಿಯರ ಹತ್ರ ಬರಗಾಲದ ಮಾತು ತೆಗೆದ್ರೆ ಒಂದು ಹೆಸರು ಬಂದೇ ಬರುತ್ತೆ. ಅದು ನೀರ್ ಸಾಬ್, ಅಂದ್ರೆ ನಮ್ಮೂರಿನ ಅಬ್ದುಲ್ ನಜೀರ್ ಸಾಬ್.

1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಇವರ ಕೈಗೆ ಬಂತು. ಮಳೆ ಮೇಲೆ ಮಳೆ ಕೈಕೊಟ್ಟ ಕಾಲ ಅದು. ಮಳೆ ನಂಬಿದ ಊರಲ್ಲಿ ಬೆಳೆ ಒಣಗಿದ್ರೆ ಒಂದು ವರ್ಷದ ನಷ್ಟ. ಕುಡಿಯೋ ನೀರೇ ಇಲ್ಲ ಅಂದ್ರೆ ದನಕರು ಮಾರಿ ಊರೇ ಬಿಡಬೇಕು. ಅದಕ್ಕೇ ಸಾಬರು ಹಳ್ಳಿ ಹಳ್ಳಿಗೂ ಬೋರು ಕೊರೆಸಿ ಕೈಪಂಪು ಹಾಕಿಸೋದನ್ನ ಮೊದಲ ಕೆಲಸ ಮಾಡ್ಕೊಂಡ್ರು. ನೀರ್ ಸಾಬ್ ಅನ್ನೋದು ಜನರೇ ಇಟ್ಟ ಹೆಸರು.

ಆದ್ರೆ ಬೋರು ಅರ್ಧ ಕಥೆ ಅಷ್ಟೇ. ಯಾವ ಕೆರೆ ಹೂಳು ತೆಗೀಬೇಕು, ಎಲ್ಲಿ ಬರ ಕಾಮಗಾರಿ ನಡೀಬೇಕು ಅನ್ನೋದು ಊರಿನವರಿಗೆ ಗೊತ್ತಿರುತ್ತೆ, ಬೆಂಗಳೂರಿಗಲ್ಲ. ಇದಕ್ಕಾಗಿ ಅವರು ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಕಾಯ್ದೆ ತಂದರು. 1987ರಲ್ಲಿ ಚುನಾವಣೆ ನಡೀತು. ಹೆಣ್ಣುಮಕ್ಕಳಿಗೆ ಶೇ 25 ಮೀಸಲಾತಿ ಸಿಕ್ತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಅವರ ಕೈಕೆಳಗೆ ಐಎಎಸ್ ಅಧಿಕಾರಿ. ಗ್ರಾಮಸಭೆ ಕರೆಯೋದು ಕಾನೂನಾಯ್ತು.

ಅದು ಬೇರೂರೋದನ್ನ ನೋಡೋಕೆ ಸಾಬರು ಉಳಿಯಲಿಲ್ಲ. 1988ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ಅವರನ್ನ ಕೊಂಡೊಯ್ತು. 1992ರಲ್ಲಿ ಪರಿಷತ್‌ಗಳ ಅವಧಿ ಮುಗಿದಾಗ ಸರ್ಕಾರ ಮತ್ತೆ ಚುನಾವಣೆ ನಡೆಸಲಿಲ್ಲ. ಸಂವಿಧಾನದ 73ನೇ ತಿದ್ದುಪಡಿ ಆದಮೇಲೆ 1993ರಲ್ಲಿ ಹೊಸ ಕಾಯ್ದೆ ಬಂತು. ಪಂಚಾಯಿತಿ ಉಳೀತು, ಹಳೇ ಕಾಯ್ದೆಯ ಗತ್ತು ಉಳೀಲಿಲ್ಲ. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಮಾತ್ರ ಅವರ ಹೆಸರಿದೆ.

2023ರ ಬರ ಎಲ್ಲರಿಗೂ ನೆನಪಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಮುಂಗಾರಲ್ಲಿ ಒಣಗಿದ ಬೆಳೆಗೆ ಕೇಂದ್ರದ ಪರಿಹಾರ ಬಿಡುಗಡೆ ಆಗಿದ್ದು ಮುಂದಿನ ಏಪ್ರಿಲ್‌ನಲ್ಲಿ, ಅದೂ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಅಷ್ಟರಲ್ಲಿ ರೈತ ಅಂಗಡಿ ಸಾಲ, ಕೈಸಾಲ ಎರಡೂ ಮಾಡಿ ಆಗಿತ್ತು.

ಬರ ಬರೋದು ಹೊಲಕ್ಕೆ, ತೀರ್ಮಾನ ಆಗೋದು ದೂರದ ಕಚೇರೀಲಿ. ಸಾಬರು ಕಮ್ಮಿ ಮಾಡೋಕೆ ಹೊರಟಿದ್ದು ಇದೇ ದೂರವನ್ನ. ಮುಂದಿನ ಗ್ರಾಮಸಭೆಗೆ ನಾವು ನಾಲ್ಕು ಜನ ಹೋಗಿ ಕೂತು, ನಮ್ಮ ಕೆರೆ ವಿಷಯ ಕೇಳಿದ್ರೂ ಸಾಕು, ಅವರ ಕೆಲಸ ಸ್ವಲ್ಪ ಮುಂದುವರಿದಂಗೆ.